ಕೆರೆಯ ದಂಡೆಯಲ್ಲಿ ಬಾರದ ಮಾತು

ನವೆಂಬರ್ 15, ಶನಿವಾರ, ರಾತ್ರಿ

ಕ್ಯಾಮೆರಾ ಇನ್ನೂ ಬ್ಯಾಗಿನಲ್ಲೇ ಇದೆ. ಹೊರಗೆ ತೆಗೆಯಬೇಕು ಅನ್ನಿಸುತ್ತಿಲ್ಲ. ಅಳುವೂ ಬರುತ್ತಿಲ್ಲ.

ಬೆಳಿಗ್ಗೆ ಹಕ್ಕಿಗಳ ಫೋಟೋ ತೆಗೆಯಲು ಕೆಲಗೇರಿ ಕೆರೆಗೆ ಒಬ್ಬಳೇ ಹೋಗಿದ್ದೆ. ಇಬ್ಬರು ಬೈಕಿನಲ್ಲಿ ಬಂದು ನನ್ನ ಪಕ್ಕದಲ್ಲೇ ನಿಂತರು.

"ಮೇಡಂ, ನಮ್ದೂ ಒಂದ್ ಫೋಟೋ ಹೊಡೀರಿ" ಅಂದ ಒಬ್ಬ.

"ಪ್ಲೀಸ್ ಲೀವ್ ಮಿ ಅಲೋನ್" ಅಂದೆ. ಹೆದರಿದರೆ ನನಗೆ ಇಂಗ್ಲಿಷೇ ಬರುವುದು. ಚಿಕ್ಕಂದಿನಲ್ಲಿ ಹಾಸ್ಟೆಲ್ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಊಟದ ಹೊತ್ತಿನಲ್ಲಿ ಹೊರಗೆ ನಿಲ್ಲಿಸುತ್ತಿದ್ದರು.

"ಈಕಿ ಇಲ್ಲಿಯಾಕಿ ಅಲ್ಲಲೇ! ಒಬ್ಬಾಕಿನ ಅದಾಳ" ಎಂದು ಇನ್ನೊಬ್ಬ ನಗುತ್ತಾ ಇಳಿದು ಬಂದು ಕ್ಯಾಮೆರಾದ ಪಟ್ಟಿ ಹಿಡಿದ. ನನ್ನ ಅಜ್ಜಿಯ ಮನೆ ಇಲ್ಲೇ ಹತ್ತಿರದ ಬೆಂಗೇರಿಯಲ್ಲಿದೆ ಅಂತಲಾದರೂ ಹೇಳಬಹುದಿತ್ತು. ಕನ್ನಡ ಬಾಯಿಗೆ ಬರಲಿಲ್ಲ. ವಾಕಿಂಗಿಗೆ ಬಂದವರು ಕಂಡಾಗ ಪಟ್ಟಿ ಬಿಟ್ಟು ಇಬ್ಬರೂ ಹೋದರು. ಅಷ್ಟೇ. ಏನೂ ಆಗಿಲ್ಲ.

ಕಾಲೇಜು ಹಾಸ್ಟೆಲಿನ ರೂಮ್‌ಮೇಟ್ ಗಾರ್ಗಿ ಕೇಳಿ ಸಿಟ್ಟಾದಳು. "ಹುಚ್ಚಿ, 'ನಮ್ಮ ಕಾಕಾ ಅಲ್ಲೇ ಚಾ ಕುಡ್ಯಾಕತ್ತಾರ, ಕರೀಲೇನು' ಅನ್ನಬೇಕಿತ್ತಿಲ್ಲೋ? ಓಡ್ತಿದ್ರು!"

ವಾರ್ಡನ್‌ಗೆ ಹೇಳೋಣವೇ ಎಂದೆ.

"ಹೇಳು. ನಾಳಿಂದ ಮುಂಜಾನಿ ಗೇಟ್ ನಿನಗ ಬಂದ್ ಆಕ್ಕೇತಿ, ಅವರಿಗಲ್ಲ."

ಖರೇ. ಹೇಳಲಿಲ್ಲ.

ಗಾರ್ಗಿ ಈಗ ಮಲಗಿದ್ದಾಳೆ. ನನಗೆ ಕಾಕಾ ಯಾರೂ ಇಲ್ಲ. ಆದರೂ ಹೊದಿಕೆಯೊಳಗೆ ಅವಳ ಮಾತನ್ನು ಹೇಳಿ ನೋಡುತ್ತಿದ್ದೇನೆ. ಪಾಠ ಒಪ್ಪಿಸಿದ ಹಾಗೆ ಬರುತ್ತದೆ, ಯಾರೂ ನಂಬುವುದಿಲ್ಲ. ಸರಿಯಾಗಿ ಬರುವ ತನಕ ಕೆರೆಗೆ ಹೋಗುವುದಿಲ್ಲ. ಇನ್ನೊಂದು ಸಲ, ಸ್ವಲ್ಪ ಜೋರಾಗಿ: 'ನಮ್ಮ ಕಾಕಾ ಅಲ್ಲೇ ಚಾ ಕುಡ್ಯಾಕತ್ತಾರ, ಕರೀಲೇನು?'