ಮುಗಿಯದ ಕಕ್ಕಡದಿಂದ ಅಚ್ಚಯ್ಯಜ್ಜನಿಗೆ

ಕುಂಬೇರಂಡ ಮನೆ
ಕಕ್ಕಡ ತಿಂಗಳ ನಲವತ್ತೇಳು ಸಾವಿರದ ಹನ್ನೊಂದನೆಯ ದಿನ

ಪೂಜ್ಯ ಅಚ್ಚಯ್ಯಜ್ಜನವರಿಗೆ, ನಿಮ್ಮ ಮರಿಮಗನ ಮೊಮ್ಮಗಳು ಮಾಚವ್ವ ಕಾಲು ಹಿಡಿದು ಮಾಡುವ ನಮಸ್ಕಾರ.

ಮೇಲಿನ ತಾರೀಕು ನೋಡಿ ಇವಳ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಡಿ. ತಲೆ ನೆಟ್ಟಗೇ ಇದೆ, ತಿಂಗಳು ನೆಟ್ಟಗಿಲ್ಲ. ನನ್ನ ಕನ್ನಡವೂ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ನಿಮಗೆ ಗೊತ್ತಿಲ್ಲದ ಮಾತು ಬಂದಲ್ಲೆಲ್ಲ ಬಿಡಿಸಿ ಹೇಳುತ್ತೇನೆ. ಈ ಕಾಗದ ನಿಮ್ಮನ್ನು ಮುಟ್ಟುತ್ತದೋ ಇಲ್ಲವೋ ತಿಳಿಯದು. ತೀರಿಹೋದ ಹಿರಿಯರಿಗೆ, ಕಾರಣೋರಿಗೆ ಎಂದು ಎಡೆ ಇಡುವಾಗ ಅನ್ನ, ಕೋಳಿಸಾರಿನ ಪಕ್ಕದಲ್ಲಿ ಇದನ್ನೂ ಮಡಿಸಿ ಇಡುತ್ತೇನೆ. ಊಟ ಮುಟ್ಟುವುದಾದರೆ ಕಾಗದ ಯಾಕೆ ಮುಟ್ಟಬಾರದು?

ನಿಮ್ಮ ಕಾಲದಲ್ಲಿ ಕಕ್ಕಡ ಎಂದರೆ ಆಷಾಢದ ಒಂದು ತಿಂಗಳು. ಅದು ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬ ಬರುತ್ತಿತ್ತಂತೆ, ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತಿದ್ದರಂತೆ. ನಮಗೆ ಅದು ಬರುವುದೇ ಇಲ್ಲ. ಒಂದು ವರ್ಷ ಮಳೆ ಜೋರಾಗಿ ಗುಡ್ಡ ಕುಸಿದಾಗ, ಕಕ್ಕಡ ಮುಗಿಯಲಿ, ಆಮೇಲೆ ಚುನಾವಣೆ ಮಾಡೋಣ ಎಂದು ಮೇಲಿನವರು ಹೇಳಿದರು. ಸರಿಯಾದ ಮಾತೇ, ಯಾರೂ ಬೇಡ ಎನ್ನಲಿಲ್ಲ. ಆದರೆ ಕಕ್ಕಡ ಮುಗಿಯಿತು ಎಂದು ಸಾರಬೇಕಾದವರೂ ಅವರೇ ಆಗಿದ್ದರು. ಅವರು ಸಾರಲಿಲ್ಲ. ಹೊರಗೆ ಸುಡು ಬಿಸಿಲು, ಭತ್ತ ಕಟಾವಿಗೆ ಬಂದಿದೆ, ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಕಕ್ಕಡ. ಕಕ್ಕಡದಲ್ಲಿ ಮದುವೆ ಮಾಡುವಂತಿಲ್ಲವಲ್ಲ, ಹಾಗಾಗಿ ನನ್ನ ತಮ್ಮ ಬೋಪಯ್ಯ ಕದ್ದು ಮದುವೆಯಾದ. ಮೊಮ್ಮಕ್ಕಳಾದರೂ ಸರ್ಕಾರದ ಲೆಕ್ಕದಲ್ಲಿ ಅವನಿನ್ನೂ ಬ್ರಹ್ಮಚಾರಿ. ಈ ಮಾತಿಗೆ ನನ್ನ ನಾದಿನಿ ಮೊದಮೊದಲು ನಗುತ್ತಿದ್ದಳು, ಈಗ ನಗುವುದಿಲ್ಲ. ಆಳುವವರನ್ನು ನಾವು ಮಂಡಳಿಗರು ಎನ್ನುತ್ತೇವೆ, ನಿಮ್ಮ ಶಾಸಕರಿದ್ದ ಹಾಗೆ. ಚುನಾವಣೆ ಇಲ್ಲದ್ದರಿಂದ ಆ ಕೆಲಸ ಅಪ್ಪನಿಂದ ಮಗನಿಗೆ ಬರುತ್ತದೆ.

ಕೋವಿಯ ವಿಷಯಕ್ಕೆ ಬರುತ್ತೇನೆ. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಯಲ್ಲಿಟ್ಟು, ಮುಗಿದ ಮೇಲೆ ವಾಪಸ್ ತರುವುದು ನಿಮಗೆ ಗೊತ್ತಿರುವುದೇ. ಗುಡ್ಡ ಕುಸಿದ ಆ ವರ್ಷವೂ ಇಡಲು ಹೇಳಿದರು. ನಿಮಗೆ ಆ ದಿನ ಇನ್ನೂ ಬಂದಿಲ್ಲ, ಅಜ್ಜ, ಅದಕ್ಕೇ ಬರೆಯುತ್ತಿರುವುದು. ಅವತ್ತು ಊರಿಗೆ ಹಿರಿಯರಾಗಿ ನೀವು ಎಲ್ಲರಿಗಿಂತ ಮುಂದೆ ಹೋಗುತ್ತೀರಿ. ಕುಪ್ಪಸದ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಬಿಗಿದು, ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲೆ ಮಲಗಿಸುತ್ತೀರಿ. ಕೂತುಕೊಳ್ಳಿ ಎಂದರೂ ಕೂರುವುದಿಲ್ಲ. ಯಾವ ದಿನ ವಾಪಸ್ ಕೊಡುತ್ತೀರಿ ಎಂದು ಕೇಳುವುದಿಲ್ಲ. ಕೊಟ್ಟ ಕೈಯಲ್ಲೇ ವಾಪಸ್ ಕೇಳುವುದು ನಮ್ಮ ಮನೆಯ ಮರ್ಯಾದೆಯಲ್ಲ ಎಂದು ನೆಟ್ಟಗೆ ನಡೆದುಬಿಡುತ್ತೀರಿ. ನಿಮ್ಮ ಹಿಂದೆ ಸಾಲಿನಲ್ಲಿದ್ದವರು, ಅಚ್ಚಯ್ಯನವರೇ ಕೇಳಲಿಲ್ಲ, ನಾವು ಕೇಳುವುದು ಚೆನ್ನಾಗಿರುವುದಿಲ್ಲ ಎಂದು ಸುಮ್ಮನಾಗುತ್ತಾರೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಮಗು ಮಾತು ಕಲಿತರೆ ಸಾಕು, “ನಮ್ಮಜ್ಜ ತಿರುಗಿ ನೋಡಲಿಲ್ಲ” ಎಂದು ಹೇಳಿಸುತ್ತಾರೆ. ನಾನೂ ಹೇಳಿದ್ದೇನೆ, ಎದೆಯುಬ್ಬಿಸಿಕೊಂಡು.

ಕೋವಿ ಇದ್ದಿದ್ದರೆ ಎಲ್ಲ ಸರಿಯಾಗಿರುತ್ತಿತ್ತು ಎಂದು ನಾನು ಹೇಳುವುದಿಲ್ಲ. ಕುಡಿದು ಹಾರಿಸಿದವರು, ಬೇಲಿಯ ಜಗಳಕ್ಕೆ ದಾಯಾದಿಯ ಎದೆಗೆ ಹಿಡಿದವರು ನಿಮ್ಮ ಕಾಲದಲ್ಲೂ ಇದ್ದರು. ಕೋವಿ ಇಟ್ಟುಕೊಂಡವನಿಗೆ ಸರ್ಕಾರ ಲೆಕ್ಕ ಕೇಳಲಿ, ಕೇಳಬೇಕು. ಆದರೆ ಲೆಕ್ಕ ಕೇಳಿದವರಿಗೆ ನಾವು ತಿರುಗಿ ಲೆಕ್ಕ ಕೇಳಲಿಲ್ಲ. ಕೋವಿಗೆ ಕೇಳದ ಬಾಯಿ ರಸ್ತೆಗೂ ಕೇಳಲಿಲ್ಲ, ಆಸ್ಪತ್ರೆಗೂ ಕೇಳಲಿಲ್ಲ, ವೋಟಿಗೂ ಕೇಳಲಿಲ್ಲ. ಸುಮ್ಮನಿರುವುದನ್ನೇ ಗಾಂಭೀರ್ಯ ಎಂದುಕೊಂಡೆವು. ನನಗೆ ಹೊಟ್ಟೆ ಉರಿಯುವುದು ಇದಕ್ಕೆ.

ಈಗ ನಮ್ಮಲ್ಲಿ ಕೋವಿಯ ಬದಲು ಈಡುಪೆಟ್ಟಿಗೆ ಇದೆ. ಕುಂಬಳಕಾಯಿಯಷ್ಟು ದೊಡ್ಡ ಪೆಟ್ಟಿಗೆ, ಒಳಗೆ ಹಳೆಯ ಕೋವಿಯೊಂದರ ಈಡನ್ನು, ಗುಂಡು ಹಾರಿದ ಸದ್ದನ್ನು, ತುಂಬಿಟ್ಟಿದ್ದಾರೆ. ಮನೆಯಲ್ಲಿ ಹುಟ್ಟು ಸಾವು ಆದರೆ ಮಂಡಳಿಯಿಂದ ತಂದು ಅಂಗಳದಲ್ಲಿಟ್ಟು ಗುಂಡಿ ಒತ್ತಬೇಕು. ಮಗು ಹುಟ್ಟಿದರೆ ಒಂದು ಈಡು, ಯಾರಾದರೂ ಸತ್ತರೆ ಎರಡು, ನಿಮ್ಮ ಪದ್ಧತಿಯೇ. ನಿಮ್ಮ ಕಾಲದಲ್ಲಿ ಹುಟ್ಟಿನ ಈಡು ಗಂಡುಮಗುವಿಗೆ ಮಾತ್ರ ಇತ್ತಂತೆ. ಅದನ್ನು ನಾವು ತಿದ್ದಿಕೊಂಡೆವು, ಅಷ್ಟಾದರೂ ಮಾಡಿದ್ದೇವೆ.

ನನ್ನ ಅವ್ವ ಚೋಂದವ್ವ ಹಾಸಿಗೆ ಹಿಡಿದಾಗ ಕೇಳಿದ್ದು ಒಂದೇ: “ನನಗೆ ಆ ಡಬ್ಬದ ಸದ್ದು ಬೇಡ ಮಾಚು. ನಮ್ಮ ಕೋವಿದೇ ಎರಡು ಈಡು ಹೊಡೆಸು. ಈ ಮನೆಗೆ ಬಂದು ಇಷ್ಟು ಗೇದಿದ್ದೇನೆ, ಅಷ್ಟಕ್ಕೆ ಯೋಗ್ಯತೆ ಇಲ್ಲವಾ?”

ನಾನು ನಮ್ಮ ಮಂಡಳಿಗ ಬೆಳ್ಯಪ್ಪನವರ ಮನೆಗೆ ಹೋದೆ. ಕಾಫಿ ಕೊಟ್ಟರು, ಅವ್ವನ ಆರೋಗ್ಯ ವಿಚಾರಿಸಿದರು.

“ಕೋವಿ ಭದ್ರವಾಗಿದೆ ಮಾಚವ್ವ, ಎಣ್ಣೆ ಹಾಕಿ ಇಟ್ಟಿದ್ದಾರೆ. ಚುನಾವಣೆ ಮುಗಿದ ಮರುದಿನವೇ ನಿಮ್ಮ ಕೈಗೆ.”

“ಚುನಾವಣೆ ಯಾವಾಗ?”

“ಕಕ್ಕಡ ಮುಗಿದ ಕೂಡಲೇ.”

“ಕಕ್ಕಡ ಯಾವಾಗ ಮುಗಿಯುತ್ತೆ?”

ಅವರು ಕಿಟಕಿಯಾಚೆ ಬಿಸಿಲನ್ನು ನೋಡಿದರು. “ಮಳೆ ನಿಲ್ಲಲಿ ಮಾರಾಯ್ತಿ,” ಎಂದರು. ಅವರಿಗೆ ನಾಚಿಕೆಯೂ ಆಗಲಿಲ್ಲ, ಅಜ್ಜ. ಅಷ್ಟು ವರ್ಷಗಳಲ್ಲಿ ಯಾರೂ ಕೇಳದ ಪ್ರಶ್ನೆಗೆ ನಾಚುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ನಾನೂ ಕಾಫಿ ಕುಡಿದು ಎದ್ದು ಬಂದೆ.

ಮೊನ್ನೆ ಬೆಳಿಗ್ಗೆ ಅವ್ವ ಹೋದರು. ಬೇರೆ ದಾರಿಯಿಲ್ಲದೆ ಬೋಪಯ್ಯ ಪೆಟ್ಟಿಗೆ ತಂದು ಅಂಗಳದಲ್ಲಿಟ್ಟ. ಗುಂಡಿ ಒತ್ತಿದ. ಒಂದು ಈಡು ಹೊಡೆಯಿತು. ಎರಡನೆಯದು ಬರಲಿಲ್ಲ. ತಟ್ಟಿದ, ಅಲುಗಾಡಿಸಿದ, ಬೈದ. ಪೆಟ್ಟಿಗೆ ಕೆಟ್ಟು ಕೂತಿತ್ತು. ಊರಿಗೆಲ್ಲ ಕೇಳಿದ್ದು ಒಂದೇ ಈಡು. ಸ್ವಲ್ಪ ಹೊತ್ತಿಗೆ ನೆರೆಯ ಪೂವಯ್ಯಣ್ಣ ಜೇನಿನ ಬಾಟಲಿ ಹಿಡಿದು ನಗುನಗುತ್ತಾ ಗೇಟಿನಲ್ಲಿ ಬಂದರು. ಅವರ ಹಿಂದೆ ಇಬ್ಬರು ಹೆಂಗಸರು, ಒಬ್ಬಳ ಕೈಯಲ್ಲಿ ಮಗುವಿನ ಟೋಪಿ.

“ಏನು ಮಾಚವ್ವ, ಯಾರ ಮಗು? ಗಂಡೋ ಹೆಣ್ಣೋ?”

“ಮಗು ಅಲ್ಲ ಪೂವಯ್ಯಣ್ಣ,” ಎಂದೆ. “ಅವ್ವ ಹೋದರು.”

ಅವರು ಬಾಟಲಿಯನ್ನು ಮೆಟ್ಟಿಲ ಮೇಲಿಟ್ಟರು. ಪೆಟ್ಟಿಗೆಯನ್ನು ನೋಡಿದರು, ಬೋಪಯ್ಯನ ಮುಖ ನೋಡಿದರು. ಆಮೇಲೆ ಅಂಗಳದ ನಡುವೆ ಹೋಗಿ ನಿಂತು, ಕತ್ತೆತ್ತಿ, ಆ ವಯಸ್ಸಿನ ಗಂಟಲಲ್ಲಿ ಎಷ್ಟಾಗುತ್ತದೋ ಅಷ್ಟು ಜೋರಾಗಿ “ಢಂ” ಎಂದು ಕೂಗಿದರು. ಮೇಲಿನ ತೋಟದ ಮನೆಯವರಿಗೂ ಅದು ಕೇಳಿಸಿರಲಾರದು. ಕೂಗಿ ಕೆಮ್ಮಿದರು. ಯಾರೂ ನಗಲಿಲ್ಲ. ಇದ್ದಿದ್ದರೆ ಅವ್ವ ಒಬ್ಬರೇ ನಗುತ್ತಿದ್ದರು. ಕುಂಬೇರಂಡ ಚೋಂದವ್ವನಿಗೆ ಕೊನೆಗೆ ಸಿಕ್ಕಿದ್ದು ಒಂದು ಡಬ್ಬದ ಸದ್ದು, ಒಂದು ಮುದುಕನ ಕೂಗು. ನನಗೆ ತಡೆಯಲಾಗಲಿಲ್ಲ, ಅಲ್ಲೇ ಕೂತು ಅತ್ತೆ.

ಇವತ್ತು ನಾನು ಪುನಃ ಬೆಳ್ಯಪ್ಪನವರ ಮನೆಗೆ ಹೋಗುತ್ತೇನೆ. ಈ ಸಲ ಕಾಫಿ ಕುಡಿಯುವುದಿಲ್ಲ. ಚುನಾವಣೆಯ ತಾರೀಕು ಹೇಳುವ ತನಕ ಜಗಲಿಯಿಂದ ಏಳುವುದಿಲ್ಲ ಎಂದಿದ್ದೇನೆ. ಪೂವಯ್ಯಣ್ಣ ತಾನೂ ಬರುತ್ತೇನೆ ಎಂದಿದ್ದಾರೆ. ಎರಡು ಜೀವದಿಂದ ಏನಾದೀತು? ಬಹಳ ತಡವಾಗಿದೆ, ನನಗೂ ಗೊತ್ತು.

ನಿಮಗೆ ತಡವಾಗಿಲ್ಲ, ಅಜ್ಜ. ನಿಮ್ಮ ಕೈಯಲ್ಲಿ ಇನ್ನೂ ಕೋವಿ ಇದೆ. ಅದಕ್ಕಿಂತ ದೊಡ್ಡದು, ವೋಟಿದೆ. ನೀವು ಕೇಳಿದರೆ ನಿಮ್ಮ ಹಿಂದಿನ ಸಾಲೆಲ್ಲ ಕೇಳುತ್ತದೆ. ಕೋವಿ ಕೊಡಬೇಡಿ ಎಂದು ನಾನು ಹೇಳುತ್ತಿಲ್ಲ. ಕಾನೂನು ಕೇಳಿದರೆ ಕೊಡಿ, ಕುಪ್ಪಸ ತೊಟ್ಟೇ ಕೊಡಿ. ಆದರೆ ಅವರು ಕುರ್ಚಿ ತೋರಿಸಿದಾಗ ಕೂತುಕೊಳ್ಳಿ. ಯಾವ ದಿನ ಎಂದು ಕೇಳಿ. ಮರ್ಯಾದೆ ಹೋಗುತ್ತದೆ ಅನಿಸಿದರೆ ಹೋಗಲಿ, ನಿಮ್ಮ ಮರ್ಯಾದೆಯನ್ನು ನಾವು ಇಷ್ಟು ವರ್ಷ ಉಂಡು ಸಾಕಾಗಿದೆ. ಬಾಗಿಲು ದಾಟುವ ಮುಂಚೆ, ನಿಮ್ಮ ಕಾಲಿಗೆ ಬೀಳುತ್ತೇನೆ, ಒಂದು ಸಲ ತಿರುಗಿ ನೋಡಿ.

ಇಂತಿ ನಿಮ್ಮವಳೇ ಆದ
ಮಾಚವ್ವ