ಕಣಿಕೆ ಮಷಿನ್ ನುಂಗದ ಕೈ

ಶ್ರೀರಾಮನಗರ
ಮಂಗಳವಾರ, 18 ನವೆಂಬರ್ 2025

ನಮ್ಮ ಹೇಮಾವತಿಯ ಅಪ್ಪನವರಿಗೆ ಪಾರಮ್ಮನ ನಮಸ್ಕಾರಗಳು.

ನಿಮ್ಮ ಕೆಮ್ಮು ಇಳಿಯಿತೇ? ಭತ್ತ ಕಟಾವಿನ ಗಾಡಿ ಓಡಿಸುವಾಗ ಬಾಯಿಗೆ ಟವಲ್ ಕಟ್ಟುತ್ತೀರೋ ಇಲ್ಲವೋ ಎಂದು ನನಗೆ ದಿನಾ ಚಿಂತೆ. ತೆಲಂಗಾಣದ ನೀರು ಕಾಯಿಸಿ ಕುಡಿಯಿರಿ. ಏಳನೆಯ ಇಯತ್ತೆ ಅರ್ಧಕ್ಕೆ ಬಿಟ್ಟವಳು ನಾನು, ತಪ್ಪಿದ್ದರೆ ತಿದ್ದಿಕೊಂಡು ಓದಿ. ಫೋನ್ ಮಾಡಿದರೆ “ಸದ್ದಿನಾಗ ಕೇಳವಲ್ದು, ಆಮ್ಯಾಲೆ ಮಾಡ್ತೀನಿ” ಎಂದು ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ.

ನಿನ್ನೆ ಅಂಗವಿಕಲರ ಕಾರ್ಡಿಗಾಗಿ ಹೇಮಾಳನ್ನು ಕರೆದುಕೊಂಡು ಕೊಪ್ಪಳದ ದೊಡ್ಡಾಸ್ಪತ್ರೆಗೆ ಹೋಗಿದ್ದೆ. ಕಾರ್ಡ್ ಬಂದರೆ ಕೃತಕ ಕೈಗೆ ಅಳತೆ ತೆಗೆಯುತ್ತಾರಂತೆ. ಮಧ್ಯಾಹ್ನದವರೆಗೆ ಸಾಲಿನಲ್ಲಿ ನಿಂತೆ. ಕಾಗದ ನೋಡುವ ಜಿಲಾನಸಾಬರು ಕನ್ನಡಕದ ಮೇಲಿಂದ ನೋಡಿ ಕೇಳಿದ್ದೇನು ಗೊತ್ತೇ? “ಕೂಸಿನ್ನ ಕಣಿಕಿ ಮಷಿನ್ ಹತ್ರ ಬಿಟ್ಟು ನೀ ಏನ್ ಮಾಡಾಕತ್ತಿದ್ದೆವ್ವಾ?” ಸಾಲಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಒಬ್ಬ ಮುದುಕಿಯಂತೂ “ಎಂಥಾ ತಾಯಿ ನೋಡ” ಎಂದು ಲಟಿಕೆ ಮುರಿದಳು. ನಮ್ಮ ಮನೆಯಲ್ಲಿ ಜೋಳದ ದಂಟಿನ ಕಣಿಕೆ ಕತ್ತರಿಸುವ ಮಷಿನ್ ಎಲ್ಲಿದೆ? ಎಮ್ಮೆಗೆ ಇವತ್ತಿಗೂ ಕುಡಗೋಲಿನಿಂದಲೇ ಹೆಚ್ಚಿ ಹಾಕುತ್ತೇನೆ.

ಹೋದ ವರ್ಷದ ಶಿಬಿರದ ಹಾಳೆಯಲ್ಲಿ ಹಾಗೆ ಬರೆದಿದೆಯಂತೆ. ಪ್ರತಿ ಊನಕ್ಕೂ ಒಂದೊಂದು ಕೋಡ್ ಇರುತ್ತದೆ. ಹುಟ್ಟುವಾಗಲೇ ಮೊಣಕೈ ಕೆಳಗೆ ಇಲ್ಲದಿದ್ದರೆ ಕ್ಯೂ ಎಪ್ಪತ್ತೊಂದು, ಆಮೇಲೆ ಕಳೆದುಕೊಂಡಿದ್ದರೆ ಝಡ್ ಎಂಬತ್ತೊಂಬತ್ತು. ನಮ್ಮ ಕೂಸಿಗೆ ಝಡ್ ಬಿದ್ದಿದೆ. ಅದಕ್ಕೆ ಅಪಘಾತದ ಚೀಟಿ ತರಬೇಕಂತೆ. ಆಗದ ಅಪಘಾತದ ಚೀಟಿಯನ್ನು ಯಾವ ದೇವರು ಕೊಡುತ್ತಾನೆ?

ನಾನೂ ಬಿಡಲಿಲ್ಲ. ಡಾಕ್ಟರಮ್ಮನ ಬಾಗಿಲಲ್ಲೇ ಕುಳಿತೆ. ಅವರು ಜಿಲಾನಸಾಬರನ್ನು ಒಳಗೆ ಕರೆದು, ಹೇಮಾಳ ಅಂಗಿಯ ತೋಳು ಮೇಲೆತ್ತಿದರು. ಕೈ ತುದಿಯಲ್ಲಿ ಜೋಳದ ಕಾಳಿನಂಥ ಐದು ಮೊಗ್ಗು ಇವೆಯಲ್ಲ, ಅವನ್ನು ಮುಟ್ಟಿ, “ಕತ್ತರಿಸಿದ ಕೈಗೆ ಇವು ಎಲ್ಲಿಂದ ಬರಬೇಕ್ರಿ ಜಿಲಾನಸಾಬ್ರ?” ಎಂದು ಕೇಳಿದರು. ಜಿಲಾನಸಾಬರು ಹಾಳೆಯನ್ನು ಮತ್ತೆ ತಿರುವಿ ನೋಡಿದರು. ಆಮೇಲೆ ಡಾಕ್ಟರಮ್ಮ ನನಗೆ, “ಹೊಟ್ಟಿಯಾಗ ಕೈ ಬೆಳಿಯೂದು ಇಲ್ಲಿಗೆ ನಿಂತೈತೆವ್ವಾ. ಇದರಾಗ ನಿನ್ನ ತಪ್ಪಿಲ್ಲ” ಎಂದರು. “ಗ್ರಹಣದಾಗ ಈಳಿಗಿ ಹಿಡದಿ, ಅದಕ್ಕ ಹಿಂಗಾತು” ಎಂಬ ಅತ್ತೆಯವರ ಮಾತನ್ನು ಐದು ವರ್ಷ ನುಂಗಿದವಳು ನಾನು. ಆ ದಿನ ನನ್ನನ್ನು ಒಳಗೆ ಕೂರಿಸಿ ಬಾಗಿಲು ಕಾದವರು ನೀವೇ. ಆದರೂ ಮರೆತು ಮುಟ್ಟಿದ್ದೆನೇನೋ ಎಂದು ನನ್ನ ಮೇಲೆ ನನಗೇ ಅನುಮಾನವಿತ್ತು. ಅದು ಹೋಯಿತು ಎನ್ನುವಷ್ಟರಲ್ಲಿ ಈ ಹಾಳೆಯೂ ನನ್ನ ತಲೆಗೇ ಕಟ್ಟಬೇಕೇ?

ಹೇಮಾ ಡಾಕ್ಟರಮ್ಮನಿಗೆ ಹತ್ತರವರೆಗೆ ಎಣಿಸಿ ತೋರಿಸಿದಳು, ಐದು ಬೆರಳು, ಐದು ಕಾಳು. “ಲೆಕ್ಕ ಬರೋಬ್ಬರಿ ಐತಿ” ಎಂದು ಅವರು ನಕ್ಕರು.

ಅತ್ತೆಯವರು ಆರಾಮ ಇದ್ದಾರೆ. ಎಮ್ಮೆ ಈದಿದೆ, ಹೆಣ್ಣು ಕರು. ಹುಲಿಗೆಮ್ಮ ನಿಮ್ಮನ್ನು ಕಾಯಲಿ.

ನಿಮ್ಮ,
ಪಾರಮ್ಮ

ತಾ.ಕ.: ನಿಮ್ಮ ಕಡೆ ಹೊರಟ ಡ್ರೈವರ್ ಮಾಜೀದ ಲಾರಿ ಚಾಲೂ ಮಾಡಿ ಕಾಗದಕ್ಕಾಗಿ ಕಾಯುತ್ತಿದ್ದಾನೆ. ಹೋದ ವರ್ಷ ಶಿಬಿರಕ್ಕೆ ಕೂಸನ್ನು ಕರೆದೊಯ್ದವರು ನೀವು, ಆ ಹಾಳೆಯಲ್ಲಿ ‘ತಂದೆಯ ಹೇಳಿಕೆ’ ಎಂದಿತ್ತು. ಕಳಕೇಶ ಎಂದು ಬರೆದು ಕೆಳಗೆ ಎರಡು ಗೀಟು ಎಳೆಯುವ ನಿಮ್ಮ ಸಹಿ ನನಗೆ ಗೊತ್ತಿಲ್ಲವೇ? ಹುಟ್ಟಿದ್ದೇ ಹೀಗೆ ಎನ್ನಲು ನಿಮಗೆ ನಾಲ್ಕು ಜನರ ಮುಂದೆ ನಾಚಿಕೆಯಾಯಿತು, ನನ್ನನ್ನು ಮಷಿನ್ ಹತ್ತಿರ ಕೂಸನ್ನು ಬಿಟ್ಟ ಹೆಂಡತಿ ಎನ್ನಿಸಲು ನಾಚಿಕೆಯಾಗಲಿಲ್ಲ. ತಿದ್ದಲು ಹೇಳಿಕೆ ಕೊಟ್ಟವರೇ ಬರಬೇಕಂತೆ. ಸೋಮವಾರ ಬನ್ನಿ. ಅತ್ತೆಯವರನ್ನೂ ಕರೆದುಕೊಂಡು ಹೋಗೋಣ. ಅವರ ಕಿವಿಗೆ ಬೀಳುವಂತೆ, ಹೇಮಾಳನ್ನು ಎತ್ತಿಕೊಂಡು, ನಿಮ್ಮ ಬಾಯಿಂದಲೇ ಹೇಳಬೇಕು: “ನನ್ನ ಮಗಳು ಹುಟ್ಟಿದ್ದ ಹಿಂಗ.”