ಅಗ್ನಿಮೂಲೆಯ ಮೆಟ್ಟಿಲು

ಹೊಸಪೇಟೆ
12-3-2006

ಚಿ. ಅಳಿಯ ವೀರೇಶನಿಗೆ,

ನಿನ್ನ ಸೋದರಮಾವ ಶಂಭುಲಿಂಗ ಮಾಡುವ ಆಶೀರ್ವಾದ. ಇಲ್ಲಿ ನಾವೆಲ್ಲರೂ ಕ್ಷೇಮ. ಇಷ್ಟು ದಿನ ಈ ಮಾತನ್ನು ರೂಢಿಗೆ ಬರೆಯುತ್ತಿದ್ದೆ, ಈ ಸಲ ನಿಜಕ್ಕೂ ಬರೆದಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನೀನು ನಡುನಡುವೆ ನಗುತ್ತೀ. ಕಾಗದವಾದರೆ ಬಾಯಿ ಮುಚ್ಚಿಕೊಂಡು ಕೇಳುತ್ತದೆ.

ಸಂಡೂರಿನ ಗಣಿ ಕಂಪನಿಯಲ್ಲಿ ನಿನಗೆ ಫಿಟ್ಟರ್ ಕೆಲಸ ಸಿಕ್ಕಿತೆಂದು ಅಕ್ಕ ಎಮ್ಮಿಗನೂರಿನಿಂದ ಸುದ್ದಿ ಮುಟ್ಟಿಸಿದಾಗ ಓಣಿಗೆಲ್ಲ ಪೇಢಾ ಹಂಚಿದವನು ನಾನು. ಅಳಿಯ ಇನ್ನು ನನ್ನ ಮಹಡಿಯಲ್ಲೇ ಇರುತ್ತಾನೆ ಎಂದು ಸಾರಿದವನೂ ನಾನೇ. ಅದಿರಿನ ಲಾರಿಗಳ ಈ ಕಾಲದಲ್ಲಿ ಹೊಸಪೇಟೆಯಲ್ಲಿ ಮಲಗಲು ಒಂದು ಮಂಚ ಸಿಗುವುದೂ ಕಷ್ಟ. ಅಂಥದ್ದರಲ್ಲಿ ಹತ್ತು ಜನ ಡ್ರೈವರುಗಳಿಗೆ ನೆರಳಾದವನು ನಿನ್ನ ಮಾವ, ಬುಕ್ಕಸಾಗರದ ಶಾಲೆಯಲ್ಲಿ ಏಳನೇ ಕ್ಲಾಸಿಗೇ ಮೇಷ್ಟ್ರಿಗೆ ಬೆವರಿಳಿಸಿದವನು.

ನೀನೋ, ಕೋಣೆ ನೋಡಲು ಬಂದವನು ಮಂಚ ನೋಡಲಿಲ್ಲ, ಫ್ಯಾನು ನೋಡಲಿಲ್ಲ, ಮೆಟ್ಟಿಲ ಬುಡದಲ್ಲೇ ನಿಂತುಬಿಟ್ಟೆ. ಅಲ್ಲಿ ಬಾಡಿಗೆಯವರೆಲ್ಲರ ಸೀಮೆಎಣ್ಣೆ ಸ್ಟೋವುಗಳು ಸಾಲಾಗಿ ಕೂತಿದ್ದವು. "ಮಾವ, ಇಲ್ಲಿ ಉರಿ ಹತ್ತಿದ್ರ ಮ್ಯಾಲಿನವ್ರು ಎತ್ಲಾಗಿಂದ ಇಳೀಬೇಕು?" ಅಂದೆ. ಅದು ವಾಸ್ತು ಹೇಳುವ ಅಂದಾನಪ್ಪನವರು ತೋರಿಸಿದ ಆಗ್ನೇಯ ಮೂಲೆ, ಬೆಂಕಿಗೆ ಅದೇ ಜಾಗ. ಮೆಟ್ಟಿಲೂ ಅಲ್ಲೇ ಬಂತು, ಮಹಡಿಗೆ ಇದ್ದ ದಾರಿಯೂ ಅದೊಂದೇ. "ಲೇ, ಅಗ್ನಿ ತನ್ನ ಮೂಲ್ಯಾಗ ತಾನು ಕುಂತಾನ. ಸುಮ್ಸುಮ್ಕ ಯಾಕ ಎದ್ದು ಬರ್ತಾನ?" ಎಂದು ನಾನು ನಕ್ಕೆ. ನೀನು ನಗಲಿಲ್ಲ. ಇಷ್ಟು ಜನರನ್ನು ಇಟ್ಟುಕೊಂಡ ಮಾಲೀಕ ಇಳಿಯಲು ಎರಡನೇ ದಾರಿ ಇಡಬೇಕು, ಮರಳಿನ ಬಕೆಟ್ ಇಡಬೇಕು ಎಂದು ಕಂಪನಿಯಲ್ಲಿ ಕಲಿತ ಪಾಠ ಒಪ್ಪಿಸಿದೆ. ಅವೆಲ್ಲ ಟಾಕೀಸಿನವರಿಗೆ, ನಾನೇನು ಟಿಕೆಟ್ ಹರಿಯುತ್ತೇನೆಯೇ ಎಂದೆ. "ಇನ್ನೊಂದು ದಾರಿ ಆದ್ರ ಬರ್ತೀನಿ ಮಾವ, ಇಲ್ಲಾಂದ್ರ ಬ್ಯಾಡ" ಅಂದವನೇ ಟ್ರಂಕು ಹೊತ್ತು ಹೊರಟೆ. ಪೇಢಾ ತಿಂದ ಓಣಿಯೆಲ್ಲ ನೋಡುತ್ತಿತ್ತು.

ಹೋದ ತಿಂಗಳು ಅಗ್ನಿ ಎದ್ದು ಬಂದ.

ಡ್ರೈವರ್ ಉಚ್ಚೆಂಗೆಪ್ಪ ಹಸಿದು ಬಂದವನು, ಉರಿಯುತ್ತಿದ್ದ ಸ್ಟೋವಿಗೇ ಎಣ್ಣೆ ಸುರಿದ. ಪಕ್ಕದ ಪ್ಲಾಸ್ಟಿಕ್ ಕ್ಯಾನಿಗೆ ಕಿಡಿ ಹಾರಿತು. ಹಾಡಹಗಲೇ ಮೆಟ್ಟಿಲ ತುಂಬ ಕಪ್ಪು ಹೊಗೆ. ಮೇಲೆ ಇಬ್ಬರು ಡ್ರೈವರುಗಳು ಮಲಗಿದ್ದರು. ನೀರಿನ ಟ್ಯಾಂಕ್ ನೋಡಲು ಹೋಗಿದ್ದ ಒಬ್ಬ ಹಿರಿಯರೂ ಇದ್ದರು. ಕಿಟಕಿಗಳಿಗೆಲ್ಲ ಸರಳು, ಕಳ್ಳರು ಬರಬಾರದೆಂದು ನಾನೇ ಹಾಕಿಸಿದ್ದು. ಆಗ ಪಕ್ಕದ ಮನೆಯ ಜಂಬಮ್ಮ, ಒಗ್ಗರಣಿ ಮಿರ್ಚಿ ಮಾರುವಾಕೆ, ಗಿರಾಕಿಗಳು ಕೂರುವ ಉದ್ದನೆಯ ಹಲಗೆಯನ್ನು ತನ್ನ ಮಾಳಿಗೆಗೆ ಎಳೆದು ತಂದು, ನಮ್ಮ ಬಾಲ್ಕನಿಗೆ ಸೇತುವೆ ಹಾಕಿದಳು. ಮೂವರೂ ದಾಟಿದರು. ಕೆಳಗಿದ್ದವರು ಹಸಿ ಗೋಣಿಚೀಲ, ಮರಳು ಹಾಕಿ ಉರಿ ನಂದಿಸಿದರು. ಉಚ್ಚೆಂಗೆಪ್ಪನ ಅಂಗೈಯಲ್ಲಿ ಬೊಬ್ಬೆ ಎದ್ದದ್ದು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ.

ಮರುದಿನವೇ ನಾನು ವೆಲ್ಡಿಂಗ್ ಅಂಗಡಿಯ ಮೂಕಣ್ಣನ ಬಳಿ ಹೋದೆ. "ಲಾರಿ ಬಾಡಿ ಕೆಲ್ಸ ಬಿಟ್ಟು ಮೆಟ್ಲು ಯಾರು ಮಾಡ್ತಾರ್ರಿ ಈಗ? ಬರೋ ವರ್ಷ ಬರ್ರಿ" ಅಂದ. ಸಂಡೂರಿನ ಗುಡ್ಡವೆಲ್ಲ ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿದೆ, ನನಗೆ ಒಂದು ಏಣಿಯಷ್ಟು ಕಬ್ಬಿಣಕ್ಕೆ ಗತಿಯಿಲ್ಲ. ನಾನು ಬಿಡುವವನೇ? ಅವನ ಅಂಗಡಿಯಲ್ಲೇ ಕೂತು, ತುಂಗಭದ್ರೆಯಲ್ಲಿ ಮೊಸಳೆಯ ಬಾಲ ಹಿಡಿದ ಕಥೆ ಶುರುಮಾಡಿದೆ. ಮೂರನೇ ದಿನ ಅವನೇ ತನ್ನ ಆಳುಗಳಿಗೆ, "ಇವ್ರನ್ನ ಎಬ್ಸಾಕಾದ್ರೂ ಜಲ್ದಿ ಮೆಟ್ಲು ಮಾಡ್ರಲೇ" ಅಂದ. ಮಾತಿನ ಶಕ್ತಿ ಎಂದರೆ ಅದು.

ಹಿಂದಿನ ತುದಿಯ ಕೋಣೆಯನ್ನು ಖಾಲಿ ಮಾಡಿಸಿ, ಗೋಡೆ ಒಡೆಸಿ ಬಾಗಿಲಿಟ್ಟು, ಅದರ ಹೊರಗೆ ಮೂಕಣ್ಣನ ಕಬ್ಬಿಣದ ಮೆಟ್ಟಿಲು ಕೂರಿಸಿದೆ. ಅದೀಗ ಬರೀ ದಾರಿ. ಅದಕ್ಕೆ ಬೀಗವಿಲ್ಲ, ಒಳಗಿನಿಂದ ಒಂದು ಚಿಲಕ ಅಷ್ಟೇ. ಆ ದಿಕ್ಕಿನಲ್ಲಿ ಬಾಗಿಲಿಟ್ಟರೆ ಲಕ್ಷ್ಮಿ ಹೊರಗೆ ಹೋಗುತ್ತಾಳೆಂದು ಅಂದಾನಪ್ಪನವರು ಹೆದರಿಸಿದರು. "ಉರಿ ಬಿದ್ದಾಗ ಆಕಿನೂ ಹೊರಗ ಬರಬೇಕಲ್ರಿ" ಅಂದೆ. ಸ್ಟೋವುಗಳೆಲ್ಲ ಹಿತ್ತಿಲಿನ ತಗಡಿನ ಚಪ್ಪರಕ್ಕೆ ಹೋದವು. ಬಕೆಟ್ಟಿನಲ್ಲಿ ಮರಳಿದೆ. ಅದರಲ್ಲಿ ಬೀಡಿ ಚುಚ್ಚಿದವನಿಗೆ ನನ್ನ ಮೊಸಳೆ ಕಥೆ ಪೂರ್ತಿ ಕೇಳುವ ಶಿಕ್ಷೆ.

ಇದೆಲ್ಲ ನನ್ನದೇ ಯೋಚನೆ ಎಂದು ಓಣಿಯಲ್ಲಿ ಹೇಳಿದ್ದೇನೆ. ನೀನು ಬಂದಾಗ ಹೌದೆನ್ನು.

ಎರಡೂ ಮೆಟ್ಟಿಲ ಕಡೆ ಕಣ್ಣಿಟ್ಟು ಕೂತಿರುವ
ನಿನ್ನ ಮಾವ,
ಶಂಭುಲಿಂಗ

ತಾ.ಕ.: ಆ ಹಿರಿಯರು ನಾನೇ ಎಂದು ಜಂಬಮ್ಮ ನಿನಗೆ ಹೇಗೂ ಹೇಳುತ್ತಾಳೆ. ಅಂಬೆಗಾಲಿಟ್ಟು, ಕಣ್ಣು ಮುಚ್ಚಿ ಬಂದರು ಎಂದೂ ಹೇಳುತ್ತಾಳೆ. ಕಣ್ಣು ತೆರೆದೇ ಇತ್ತು. ಅವಳ ಒಲೆಯ ಹೊಗೆಗೆ ನಾನು ಎಷ್ಟೋ ಸಲ ಜಗಳವಾಡಿದ್ದೆ, ಅವಳು ಮಾತ್ರ "ಇವತ್ತು ನಿಮ್ಮ ಹೊಗಿನೇ ನಮ್ಮನಿಗೆ ಬಂತಲ್ರಿ. ಬರ್ರಿ, ಕುಂದ್ರಿ, ನೀರು ಕುಡೀರಿ" ಅಂದಳು. ಹಲಗೆಯ ನಟ್ಟನಡುವೆ ಇದ್ದಾಗ ನನಗೆ ದೇವರ ಹೆಸರು ನೆನಪಾಗಲಿಲ್ಲ, ಎತ್ಲಾಗಿಂದ ಇಳೀಬೇಕು ಎಂಬ ನಿನ್ನ ಮಾತು ನೆನಪಾಯಿತು. ಹೊಸ ಬಾಗಿಲಿಗೆ ಹತ್ತಿರದ ಕೋಣೆ ನಿನ್ನದು. ಮೊದಲು ಒಮ್ಮೆ ಇಳಿದು ನೋಡು, ಆಮೇಲೆ ಟ್ರಂಕು ಬಿಚ್ಚು.